ಸೂಜಿ, ಅಫೀಮು ಮತ್ತು ಸಬ್ರ್

ನೋವಿಗೆ ನಮ್ಮಲ್ಲಿ ಹೆಸರುಗಳ ಬರವಿಲ್ಲ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಕತೆ ಬರೆಯುತ್ತ ಬಂದಿರುವ ನಮಗೆ ಎರಡೂ ಭಾಷೆಗಳ ನೋವಿನ ಪದಗಳು ಒಟ್ಟೊಟ್ಟಿಗೇ ನೆನಪಾಗುತ್ತವೆ. ದರ್ದ್, ತಕ್ಲೀಫ್, ಟೀಸ್, ಜಲನ್. ನೋವು, ಬೇನೆ, ಉರಿ, ಸೆಳೆತ, ಚಳುಕು, ಸಿಡಿತ. ಇವು ಒಂದೇ ಸಂಗತಿಗಿಟ್ಟ ಬೇರೆಬೇರೆ ಹೆಸರುಗಳಲ್ಲ, ಬೇರೆಬೇರೆ ಸಂಗತಿಗಳೇ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಎಂಬ ವೈದ್ಯಗ್ರಂಥದಲ್ಲಿ ನೋವನ್ನು 15 ಬಗೆಗಳಾಗಿ ವಿಂಗಡಿಸಿದ್ದರು. ಕೊರೆಯುವ ನೋವು, ಒತ್ತುವ ನೋವು, ಹರಿಯುವ ನೋವು, ಮಿಡಿಯುವ ನೋವು, ಭಾರದ ನೋವು, ಚುಚ್ಚುವ ನೋವು ಹೀಗೆ. ರೋಗಿ ಹೇಳುವ ಮಾತನ್ನು ಕಿವಿಗೊಟ್ಟು ಕೇಳಿದ ಹಕೀಮನಿಗೆ ಮಾತ್ರ ಇಂಥ ಪಟ್ಟಿ ಮಾಡಲು ಸಾಧ್ಯ.

ಕ್ಯಾನ್ಸರಿನ ನೋವನ್ನು ಹತ್ತಿರದಿಂದ ನೋಡಿದವರಿಗೆ ಈ ಪಟ್ಟಿಯ ಬೆಲೆ ತಿಳಿಯುತ್ತದೆ. ಅದು ಒಂದು ನೋವಲ್ಲ. ಗಡ್ಡೆ ಬೆಳೆದು ಪಕ್ಕದ ಅಂಗವನ್ನು ಒತ್ತುವ ನೋವು ಒಂದು. ರೋಗ ಮೂಳೆಗಿಳಿದಾಗ ಒಳಗಿಂದ ಕೊರೆಯುವ ನೋವು ಇನ್ನೊಂದು. ನರ ಸಿಕ್ಕಿಕೊಂಡರೆ ಬೆಂಕಿ ಹರಿದಂಥ ಉರಿ. ರೋಗದ ನೋವಿನ ಜೊತೆಗೆ ಚಿಕಿತ್ಸೆಯ ನೋವೂ ಸೇರುತ್ತದೆ. ಶಸ್ತ್ರಚಿಕಿತ್ಸೆಯಾದ ಜಾಗದ ಬಿಗಿತ, ಕೀಮೋದಿಂದ ಅಂಗೈ ಅಂಗಾಲುಗಳಲ್ಲಿ ಏಳುವ ಜುಮು ಮತ್ತು ಉರಿ, ಸ್ತನ ಕ್ಯಾನ್ಸರಿಗೆ ವರ್ಷಗಟ್ಟಲೆ ನುಂಗಬೇಕಾದ ಕೆಲವು ಹಾರ್ಮೋನು ಮಾತ್ರೆಗಳು ಹುಟ್ಟಿಸುವ ಕೀಲುನೋವು. ಒಬ್ಬಳೇ ಹೆಂಗಸಿನ ಮೈಯಲ್ಲಿ ಒಂದೇ ರಾತ್ರಿ ಇವುಗಳಲ್ಲಿ ಮೂರು ನಾಲ್ಕು ನೋವುಗಳು ಬೀಡುಬಿಟ್ಟಿರಬಹುದು. ಹಾಗಾಗಿ 'ಕ್ಯಾನ್ಸರ್ ನೋವಿಗೆ ಅಕ್ಯುಪಂಕ್ಚರ್ ಆಗುತ್ತದೆಯೇ?' ಎಂದು ಯಾರಾದರೂ ಕೇಳಿದರೆ, ಯಾವ ನೋವಿಗೆ ಎಂದು ಮೊದಲು ನಾವು ತಿರುಗಿ ಕೇಳಬೇಕಾಗುತ್ತದೆ.

ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕೂತಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯ ಅಕ್ಕ, ನಾವೆಲ್ಲ ಖಾಲಾಜಾನ್ ಎನ್ನುತ್ತಿದ್ದವರು, ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ಕರೆಂಟು ಎಲ್ಲ ಮುಗಿಸಿ ಎರಡು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಸೊಂಟದ ಮೂಳೆಯಲ್ಲಿ ನೋವು ಕಾಣಿಸಿತು. ಸ್ಕ್ಯಾನಿನಲ್ಲಿ ರೋಗ ಅಲ್ಲಿಗಿಳಿದದ್ದು ತಿಳಿಯಿತು. ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಆ ಚೀಟಿಯನ್ನು ಓದಿ ಹೇಳಿದ ಮೊಮ್ಮಗ ಅದು ಅಫೀಮಿನಿಂದ ಮಾಡುವ ಔಷಧಿ ಎಂದೂ ಸೇರಿಸಿದ. ಅಷ್ಟೇ ಸಾಕಾಯಿತು. ನಲವತ್ತು ವರ್ಷ ಮೊಹಲ್ಲಾದ ಮಕ್ಕಳಿಗೆ ಕುರ್‌ಆನ್ ಓದಿಸಿದ ಹೆಂಗಸು ಕೊನೆಗಾಲದಲ್ಲಿ ಅಫೀಮು ತಿಂದು ಸಾಯುವುದೇ? ನಶೆಯಲ್ಲಿ ನಮಾಜ್ ಆಗುತ್ತದೆಯೇ? ಮಾತ್ರೆಗಳು ಕಪಾಟಿನಲ್ಲಿ ಕೂತವು. 'ಸೂಜಿ ಚುಚ್ಚುವವರನ್ನು ಕರೆಸಿ, ಅದರಲ್ಲಿ ಮದ್ದಿಲ್ಲ ಮಾದಿಲ್ಲ, ಅದು ಹಲಾಲ್' ಎಂದರು ಖಾಲಾಜಾನ್.

ಮನೆಯಲ್ಲಿ ಎರಡು ಪಕ್ಷಗಳಾದವು. ಸೂಜಿಯೆಂದರೆ ಬರೀ ಮೋಸ ಎನ್ನುವವರು ಕೆಲವರು. ಐದು ಸಾವಿರ ವರ್ಷದ ವಿದ್ಯೆ, ಅದಕ್ಕೆ ವಾಸಿಯಾಗದ ಕಾಯಿಲೆಯಿಲ್ಲ ಎನ್ನುವವರು ಇನ್ನು ಕೆಲವರು. ಎರಡೂ ಕಡೆಯವರಿಗೆ ವಿಷಯ ತಿಳಿಯದೆಂದು ನಮಗೆ ಅನ್ನಿಸಿತು. ಆಗ ಓದಲು ಕೂತೆವು. ಈ ಬರಹ ಆ ಓದಿನಿಂದ ಬಂದದ್ದು.

ಚೀನೀ ಸೂಜಿವೈದ್ಯ ಹಳೆಯದು ನಿಜ, ಆದರೆ ಹೇಳುವಷ್ಟು ಹಳೆಯದಲ್ಲ. 1973ರಲ್ಲಿ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದು ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ಮೈಯೊಳಗಿನ ನಾಡಿಮಾರ್ಗಗಳ ವಿವರಣೆಯಿದೆ, ಒಣಗಿದ ಮಾಚಿಪತ್ರೆಯ ಜಾತಿಯ ಸೊಪ್ಪನ್ನು ಉರಿಸಿ ಶಾಖ ಕೊಡುವ ಕ್ರಮವಿದೆ, ಸೂಜಿಯ ಮಾತಿಲ್ಲ. ಕ್ರಿ.ಪೂ. 113ರಲ್ಲಿ ತೀರಿಕೊಂಡ ಲಿಯು ಶೆಂಗ್ ಎಂಬ ರಾಜಕುಮಾರನ ಗೋರಿಯಲ್ಲಿ, 1968ರ ಉತ್ಖನನದ ವೇಳೆ, ಚಿನ್ನದ್ದು ಬೆಳ್ಳಿಯದು ಸೇರಿ ಒಂಬತ್ತು ಸೂಜಿಗಳು ದೊರೆತವು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ರೂಪುಗೊಂಡ 'ಹುವಾಂಗ್‌ದಿ ನೇಯ್‌ಜಿಂಗ್' ಗ್ರಂಥ ಸೂಜಿಗೆ ಶಾಸ್ತ್ರದ ಸ್ಥಾನ ಕೊಟ್ಟಿತು. ಅಂದರೆ ಎರಡು ಸಾವಿರ ವರ್ಷ ಎನ್ನಬಹುದು. ಮೈಯಲ್ಲಿ 'ಛೀ' ಎಂಬ ಪ್ರಾಣಶಕ್ತಿ ನಾಡಿಗಳಲ್ಲಿ ಹರಿಯುತ್ತದೆ, ಅದು ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ನೋವು ಹುಟ್ಟುತ್ತದೆ, ಸೂಜಿ ಆ ತಡೆ ಬಿಡಿಸುತ್ತದೆ ಎಂಬುದು ಅದರ ತತ್ವ. 1027ರಲ್ಲಿ ಸೊಂಗ್ ವಂಶದ ಆಸ್ಥಾನವೈದ್ಯ ವಾಂಗ್ ವೆಯ್‌ಯಿ ಮನುಷ್ಯನಷ್ಟೇ ಎತ್ತರದ ಕಂಚಿನ ಬೊಂಬೆಗಳೆರಡನ್ನು ಎರಕ ಹೊಯ್ಯಿಸಿ ಅವುಗಳ ಮೈಮೇಲೆ ಸೂಜಿಬಿಂದುಗಳನ್ನು ಗುರುತಿಸಿದ. ಪರೀಕ್ಷೆಯ ದಿನ ಬೊಂಬೆಗೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ಶಿಷ್ಯ ಸರಿಯಾದ ಬಿಂದುವಿಗೆ ಚುಚ್ಚಿದರೆ ನೀರು ಚಿಮ್ಮುತ್ತಿತ್ತಂತೆ.

ಈ ವಿದ್ಯೆಗೆ ಅದರ ತವರಲ್ಲೇ ಕಷ್ಟದ ದಿನಗಳೂ ಬಂದವು. 1822ರಲ್ಲಿ ದಾವೋಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಲ್ಲಿ ಸೂಜಿಯನ್ನು ನಿಷೇಧಿಸಿದ. 1929ರಲ್ಲಿ ನಾನ್‌ಜಿಂಗ್‌ನ ರಾಷ್ಟ್ರೀಯ ಸರ್ಕಾರದ ಮುಂದೆ ದೇಸೀ ವೈದ್ಯವನ್ನೇ ತೆಗೆದುಹಾಕುವ ಪ್ರಸ್ತಾಪ ಬಂದು, ವೈದ್ಯರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಕ್ರಾಂತಿಯ ನಂತರ ಕೋಟ್ಯಂತರ ಹಳ್ಳಿಗರಿಗೆ ಸಾಕಷ್ಟು ಡಾಕ್ಟರುಗಳಿಲ್ಲದಾಗ ಮಾವೋ ಸರ್ಕಾರ ಹಳೆಯ ವಿದ್ಯೆಯನ್ನು ಮತ್ತೆ ಎತ್ತಿಹಿಡಿಯಿತು. ಅಗ್ಗದ ಒಂದು ಸೂಜಿ, ಕಲಿಸಿದ ಒಂದು ಕೈ. ಬಡ ದೇಶಕ್ಕೆ ಅದು ಒದಗಿಬಂತು. ನಾವು ಇಂದು ಅಕ್ಯುಪಂಕ್ಚರ್ ಎಂದು ಕಾಣುವ ಕೂದಲೆಳೆಯಂಥ ಉಕ್ಕಿನ ಸೂಜಿಯ ಪದ್ಧತಿ ಬಹುಮಟ್ಟಿಗೆ ಇಪ್ಪತ್ತನೇ ಶತಮಾನದಲ್ಲಿ ಒಪ್ಪಗೊಳಿಸಿದ್ದು.

ಚೀನಾದ ವೈದ್ಯಕ್ಕೂ ಮುಸ್ಲಿಮ್ ಜಗತ್ತಿಗೂ ಏನು ಸಂಬಂಧ ಎಂದು ಕೇಳುವವರಿಗೆ ಎರಡು ಪುಸ್ತಕಗಳ ಹೆಸರು ಹೇಳಬಹುದು. ತಬ್ರೀಜ್‌ನಲ್ಲಿ ಇಲ್‌ಖಾನರ ವಜೀರನಾಗಿದ್ದ, ಸ್ವತಃ ಹಕೀಮನಾಗಿದ್ದ ರಶೀದುದ್ದೀನ್ ಫಜ್ಲುಲ್ಲಾ 1313ರಲ್ಲಿ ಚೀನೀ ವೈದ್ಯಗ್ರಂಥಗಳನ್ನು ಫಾರಸಿಗೆ ಮಾಡಿಸಿದ. 'ತನ್ಸೂಖ್‌ನಾಮಾ' ಎಂಬ ಆ ಗ್ರಂಥದಲ್ಲಿ ಚೀನೀಯರು ನಾಡಿ ಹಿಡಿದು ನೋಡುವ ಕ್ರಮ ಚಿತ್ರಸಹಿತ ಬಂದಿದೆ. ಇನ್ನೊಂದು 'ಹ್ವೇಹ್ವೇ ಯಾವೊಫಾಂಗ್', ಅಂದರೆ ಮುಸಲ್ಮಾನರ ಔಷಧಿಗಳ ಪುಸ್ತಕ. ಚೀನೀ ಬರಹದ ನಡುನಡುವೆ ಮದ್ದುಗಳ ಅರಬ್ಬಿ, ಫಾರಸಿ ಹೆಸರುಗಳಿರುವ ಇದರ 36 ಸಂಪುಟಗಳಲ್ಲಿ ನಾಲ್ಕು ಮಾತ್ರ ಉಳಿದು ಬೀಜಿಂಗ್‌ನ ಗ್ರಂಥಾಲಯದಲ್ಲಿವೆ. ಯಾರ ವಿದ್ಯೆ ಎಂದು ಕೇಳಿ ಆ ಹಕೀಮರು ಬಾಗಿಲು ಹಾಕಿಕೊಳ್ಳಲಿಲ್ಲ, ಫಲವೇನೆಂದು ನೋಡಿದರು.

ನಮ್ಮ ದೇಶಕ್ಕೆ ಸೂಜಿ ಬಂದ ದಾರಿಯೂ ಸ್ನೇಹದ್ದೇ. ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಐದು ಜನ ಡಾಕ್ಟರರನ್ನು ಕಳಿಸಿತು. ಅವರಲ್ಲೊಬ್ಬರು ನಮ್ಮ ವಿಜಾಪುರದ ನೆರೆಯ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್. ಅವರು ಹಿಂದಿರುಗಲಿಲ್ಲ, 1942ರ ಡಿಸೆಂಬರಿನಲ್ಲಿ, 32ರ ಹರೆಯದಲ್ಲಿ, ಅಲ್ಲೇ ತೀರಿಕೊಂಡರು. ಅವರ ಕತೆಯನ್ನು ಉರ್ದು ಲೇಖಕ ಖ್ವಾಜಾ ಅಹಮದ್ ಅಬ್ಬಾಸ್ ಪುಸ್ತಕ ಮಾಡಿದರು, 1946ರಲ್ಲಿ ವಿ. ಶಾಂತಾರಾಮ್ ಅದನ್ನು ಸಿನಿಮಾ ಮಾಡಿದರು. ಅದೇ ತಂಡದ ಇನ್ನೊಬ್ಬರು ಬಂಗಾಳದ ಡಾ. ಬಿಜಯ್ ಕುಮಾರ್ ಬಸು. 1950ರ ದಶಕದ ಕೊನೆಯಲ್ಲಿ ಅವರು ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಅದನ್ನು ಶುರುಮಾಡಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕೆಂದೇ ಕಾಯಿದೆ ತಂದಿತು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು.

ಜಗತ್ತಿಗೆ ಸೂಜಿಯ ಹುಚ್ಚು ಹಿಡಿಸಿದ್ದು ಮಾತ್ರ ಒಬ್ಬ ಪತ್ರಕರ್ತನ ಹೊಟ್ಟೆನೋವು. 1971ರ ಜುಲೈನಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಮಾಡಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಮರುದಿನ ರಾತ್ರಿ ಹೊಟ್ಟೆಯುಬ್ಬರದಿಂದ ನರಳುತ್ತಿದ್ದಾಗ ವೈದ್ಯರು ಮೊಳಕೈಗೂ ಮೊಣಕಾಲ ಕೆಳಗೂ ಸೂಜಿ ಚುಚ್ಚಿದರು, ಆರಾಮವಾಯಿತು. ಅವರು ಬರೆದದ್ದೂ ಇಷ್ಟೇ. ಆದರೆ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ ಚೀನಾದಲ್ಲಿ ಬರೀ ಸೂಜಿ ಚುಚ್ಚಿ ಹೊಟ್ಟೆ ಕೊಯ್ಯುತ್ತಾರೆ ಎಂದಾಯಿತು. ಸೂಜಿಯ ಬಗ್ಗೆ ಇಂದೂ ಕೇಳಿಬರುವ ಉತ್ಪ್ರೇಕ್ಷೆಯ ಒಂದು ಬೇರು ಇಲ್ಲಿದೆ.

ಹಾಗಾದರೆ ಆರಾಮವಾದದ್ದು ಹೇಗೆ? ಇಲ್ಲಿಂದ ಮುಂದಿನ ಕತೆ ನಮ್ಮ ಖಾಲಾಜಾನ್‌ರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಬೀಜಿಂಗ್‌ನ ವಿಜ್ಞಾನಿ ಹಾನ್ ಜಿಶೆಂಗ್ 1970ರ ದಶಕದ ಆರಂಭದಲ್ಲಿ ಮೊಲಗಳ ಮೇಲೆ ಒಂದು ಪ್ರಯೋಗ ಮಾಡಿದರು. ಸೂಜಿಚಿಕಿತ್ಸೆ ಪಡೆದ ಮೊಲದ ಮೆದುಳಿನ ದ್ರವವನ್ನು ತೆಗೆದು ಸೂಜಿಯನ್ನೇ ಕಾಣದ ಇನ್ನೊಂದು ಮೊಲಕ್ಕೆ ಕೊಟ್ಟರೆ ಅದಕ್ಕೂ ನೋವಿನ ಅರಿವು ಕಡಿಮೆಯಾಯಿತು. ಅಂದರೆ ಸೂಜಿ ಚುಚ್ಚಿದಾಗ ಮೆದುಳಿನಲ್ಲಿ ಏನೋ ಒಂದು ವಸ್ತು ಒಸರುತ್ತದೆ. ಏನದು? 1975ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್‌ಲಿಟ್ಜ್ ನಮ್ಮ ಮೆದುಳೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುಗಳನ್ನು ಪತ್ತೆಹಚ್ಚಿದರು. ಎಂಡಾರ್ಫಿನ್ ಎಂಬ ಹೆಸರಿನ ಅರ್ಥವೇ 'ಒಳಗಿನ ಮಾರ್ಫಿನ್'. ಮಾರ್ಫಿನ್ನಿನ ಕೆಲಸವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧಿಯಿದೆ. 1976ರಲ್ಲಿ ಕೆನಡಾದ ಬ್ರೂಸ್ ಪೊಮೆರಾಂಜ್ ಇಲಿಗಳಿಗೆ ಅದನ್ನು ಕೊಟ್ಟು ನೋಡಿದರು. ಸೂಜಿಯ ಆರಾಮ ನಿಂತುಹೋಯಿತು. ಮರುವರ್ಷ ಅಮೆರಿಕದ ಡೇವಿಡ್ ಮೇಯರ್ ಅದನ್ನೇ ಮನುಷ್ಯರ ಹಲ್ಲುನೋವಿನಲ್ಲಿ ತೋರಿಸಿದರು.

ಸೂಜಿಯ ಕೆಲಸವೆಲ್ಲ ಇದೊಂದೇ ದಾರಿಯಲ್ಲಿ ನಡೆಯುತ್ತದೆ ಎನ್ನಲಾಗದು, ಬೇರೆ ದಾರಿಗಳೂ ಇವೆ. ಆದರೆ ಇದೊಂದು ಮುಖ್ಯ ದಾರಿ. 'ಮದ್ದಿಲ್ಲ ಮಾದಿಲ್ಲ' ಎಂದು ನಾವು ಹಲಾಲ್ ಮಾಡಿಕೊಂಡ ಸೂಜಿ ಮೈಯೊಳಗಿನ ಅಫೀಮನ್ನೇ ಎಬ್ಬಿಸುತ್ತದೆ. ನರದಲ್ಲಿರುವ ಬೀಗ ಒಂದೇ. ಸೂಜಿ ಅದನ್ನು ಒಳಗಿನ ಕೀಲಿಯಿಂದ ತೆಗೆಯುತ್ತದೆ, ಮಾತ್ರೆ ಹೊರಗಿನ ಕೀಲಿಯಿಂದ. ಆ ಬೀಗವನ್ನು ನಮ್ಮ ನರಗಳಲ್ಲಿ ಇಟ್ಟವನು ಯಾರೆಂದು ಮೋಮಿನನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಒಳಗಿನ ಕೀಲಿ ಎಲ್ಲ ನೋವಿಗೂ ಸಾಕಾಗುತ್ತದೆಯೇ? ಈ ಬಗ್ಗೆ ನಡೆದ ಪರೀಕ್ಷೆಗಳನ್ನು ನೋಡಬೇಕು. ಸೂಜಿಯ ಪರೀಕ್ಷೆ ಮಾತ್ರೆಯ ಪರೀಕ್ಷೆಯಷ್ಟು ಸುಲಭವಲ್ಲ. ಸಕ್ಕರೆ ಮಾತ್ರೆ ಕೊಟ್ಟು ಹೋಲಿಸುವಂತೆ ಇಲ್ಲಿ ಹುಸಿ ಸೂಜಿ ಬೇಕು: ಬಿಂದುವಲ್ಲದ ಕಡೆ, ಮೇಲೆ ಮೇಲೆ ಚುಚ್ಚುವುದು. 2003ರಲ್ಲಿ ಫ್ರಾನ್ಸಿನಲ್ಲಿ ಕ್ಯಾನ್ಸರಿನ ನರನೋವಿದ್ದ 90 ಜನರ ಕಿವಿಗೆ ನಿಜ ಅಥವಾ ಹುಸಿ ಚಿಕಿತ್ಸೆ ಕೊಟ್ಟು ನೋಡಿದಾಗ, ನಿಜ ಸೂಜಿ ಪಡೆದವರ ನೋವು ಎರಡು ತಿಂಗಳಲ್ಲಿ ನೂರಕ್ಕೆ 36ರಷ್ಟು ಇಳಿದಿತ್ತು. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರಿನ ಹಾರ್ಮೋನು ಮಾತ್ರೆಯಿಂದ ಕೀಲುನೋವು ಬಂದಿದ್ದ 226 ಹೆಂಗಸರಿದ್ದರು. ಹತ್ತರ ಅಳತೆಯಲ್ಲಿ ನಿಜ ಸೂಜಿಯಿಂದ ನೋವು ಸುಮಾರು ಎರಡು ಅಂಕ ಇಳಿಯಿತು, ಹುಸಿ ಸೂಜಿಯಿಂದ ಒಂದು, ಏನನ್ನೂ ಪಡೆಯದೆ ಕಾದವರಲ್ಲೂ ಒಂದು. 2021ರಲ್ಲಿ ನ್ಯೂಯಾರ್ಕಿನ ತಜ್ಞರು ಕ್ಯಾನ್ಸರಿನಿಂದ ಪಾರಾದರೂ ಮೈಕೈ ನೋವು ಬಿಡದ 360 ಜನರಲ್ಲಿ ಕೆಲವರಿಗೆ ವಿದ್ಯುತ್ ಹರಿಸಿದ ಸೂಜಿಯನ್ನೂ ಕೆಲವರಿಗೆ ಕಿವಿಸೂಜಿಯನ್ನೂ ಕೊಟ್ಟರು. ಮಾಮೂಲಿ ಚಿಕಿತ್ಸೆಗಿಂತ ನೋವು ಕ್ರಮವಾಗಿ 1.9 ಮತ್ತು 1.6 ಅಂಕ ಹೆಚ್ಚು ಇಳಿಯಿತು. ಕಿವಿಸೂಜಿಯ ಗುಂಪಿನಲ್ಲಿ ಹತ್ತರಲ್ಲೊಬ್ಬರು ಕಿವಿನೋವು ತಾಳಲಾರದೆ ನಡುವೆಯೇ ಬಿಟ್ಟರು ಎಂಬುದನ್ನೂ ಹೇಳಬೇಕು.

ಇನ್ನೊಂದು ಮಗ್ಗುಲೂ ಇದೆ. ವೈದ್ಯಕೀಯ ಸಾಕ್ಷ್ಯಗಳನ್ನು ಕಟ್ಟುನಿಟ್ಟಾಗಿ ಜರಡಿಯಾಡುವ ಕೊಕ್ರೇನ್ ಸಂಸ್ಥೆ 2015ರಲ್ಲಿ ಕ್ಯಾನ್ಸರ್ ನೋವಿನ ಮೇಲಿನ ಐದು ಅಧ್ಯಯನಗಳನ್ನು ಪರಿಶೀಲಿಸಿತು. ಎಲ್ಲ ಸೇರಿ ರೋಗಿಗಳು 285 ಮಾತ್ರ. ಸೂಜಿ ಕೆಲಸ ಮಾಡುತ್ತದೆ ಅಥವಾ ಇಲ್ಲ ಎನ್ನಲು ಇದು ಸಾಲದು ಎಂದಿತು. ಆಮೇಲೆ ಬಂದ ಅಧ್ಯಯನಗಳನ್ನೂ ತೂಗಿ ನೋಡಿ, 2022ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಒಂದು ಮಾರ್ಗಸೂಚಿ ಹೊರಡಿಸಿತು. ಹಾರ್ಮೋನು ಮಾತ್ರೆಯ ಕೀಲುನೋವಿಗೆ ಅಕ್ಯುಪಂಕ್ಚರ್ ಸೂಚಿಸಬೇಕು. ಕ್ಯಾನ್ಸರಿನ ಸಾಮಾನ್ಯ ನೋವು, ಸ್ನಾಯು ಮತ್ತು ಮೂಳೆಯ ನೋವಿಗೆ ಸೂಚಿಸಬಹುದು ಎಂದು ಅದರಲ್ಲಿದೆ. 'ಬೇಕು' ಮತ್ತು 'ಬಹುದು'ಗಳ ನಡುವಿನ ಅಂತರ ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲೂ ಮಾರ್ಫಿನ್ ಬಿಟ್ಟು ಸೂಜಿ ಹಿಡಿಯಿರಿ ಎಂದಿಲ್ಲ. ರೋಗ ಮೂಳೆಗಿಳಿದು ಹತ್ತಕ್ಕೆ ಎಂಟು ಒಂಬತ್ತು ನೋವಿರುವವರಿಗೆ ಒಂದೆರಡು ಅಂಕ ಇಳಿದರೆ ಅದೂ ದೊಡ್ಡದೇ, ಆದರೆ ಉಳಿದ ಆರೇಳಕ್ಕೆ ಬೇರೆ ದಾರಿ ಬೇಕೇಬೇಕು.

ಖಾಲಾಜಾನ್‌ರ ಮನೆಗೆ ಸೂಜಿಯವರು ಇಬ್ಬರು ಬಂದರು. ಮೊದಲು ಬಂದವರು ಸಂಬಂಧಿಕರೊಬ್ಬರ ಶಿಫಾರಸಿನವರು. ನಾಡಿ ಹಿಡಿದು ನೋಡಿ, ಇಂಗ್ಲಿಷ್ ಮದ್ದೆಲ್ಲ ನಿಲ್ಲಿಸಿ, 21 ಸಲ ಸೂಜಿ ಹಾಕಿಸಿಕೊಳ್ಳಿ, ಗಡ್ಡೆಯೇ ಕರಗುತ್ತದೆ ಎಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆವು. ಎರಡನೆಯವರು ಹೆಂಗಸು, ಎಂ.ಬಿ.ಬಿ.ಎಸ್. ಓದಿ ಆಮೇಲೆ ಅಕ್ಯುಪಂಕ್ಚರ್ ಕಲಿತವರು. ಅವರು ಮೊದಲು ಕೇಳಿದ್ದು ರಕ್ತಪರೀಕ್ಷೆಯ ಚೀಟಿ. ಪ್ಲೇಟ್‌ಲೆಟ್ ಎಷ್ಟಿದೆ, ಬಿಳಿರಕ್ತಕಣ ಎಷ್ಟಿದೆ ನೋಡಿದರು. ಆಪರೇಷನ್ ಆದ ಕಡೆಯ ತೋಳು ಬಾತಿತ್ತು; ಆ ತೋಳಿಗೆ ಸೂಜಿ ಮುಟ್ಟಿಸುವುದಿಲ್ಲ ಎಂದರು. ಹೊಸ ಪೊಟ್ಟಣ ಒಡೆದು ಸೂಜಿ ತೆಗೆದರು. ಚುಚ್ಚಿದ ಮೇಲೆ ಅರ್ಧ ತಾಸು ಪಕ್ಕದಲ್ಲೇ ಕೂತು ಮಾತಾಡಿಸಿದರು. ಹೋಗುವಾಗ ಮಾರ್ಫಿನ್ ಶುರುವಾಗಿದೆಯಾ ಎಂದು ವಿಚಾರಿಸಿದರು. ಇಲ್ಲವೆಂದಾಗ, 'ಅಮ್ಮಾ, ನನ್ನ ಸೂಜಿ ಅದಕ್ಕೆ ಬದಲಿ ಅಲ್ಲ. ಅದರ ಜೊತೆಗೆ ಹೋಗೋದು' ಎಂದರು.

ಅಂದು ರಾತ್ರಿ ಖಾಲಾಜಾನ್ ನಿದ್ದೆ ಮಾಡಿದರು. ನಾಲ್ಕೈದು ಸಲ ಸೂಜಿಯಾದ ಮೇಲೆ ಅಂಗಾಲಿನ ಉರಿ ಎಷ್ಟೋ ಕಡಿಮೆಯೆಂದರು, ಕುತ್ತಿಗೆಯ ಬಿಗಿತ ಸಡಿಲವಾಯಿತೆಂದರು. ಸೊಂಟದೊಳಗಿನ ಕೊರೆತ ಮಾತ್ರ ಹಾಗೇ ಇತ್ತು. ಆಗ ನಾವು ಮೇಲಿನದೆಲ್ಲವನ್ನೂ, ಮೊಲದ ಕತೆ, ಬೀಗದ ಕತೆ, ಅವರಿಗೆ ತಿಳಿಯುವ ದಖನಿಯಲ್ಲಿ ಹೇಳಿದೆವು. ಇಬ್ನ್ ಸೀನಾ ನೋವು ತಣಿಸುವ ಮದ್ದುಗಳಲ್ಲಿ ಅಫೀಮೇ ಎಲ್ಲಕ್ಕಿಂತ ಬಲವಾದದ್ದು ಎಂದಿದ್ದಾರೆಂದೆವು. ಆ ಹಕೀಮ ಅಷ್ಟಕ್ಕೇ ನಿಲ್ಲದೆ ಮೆಲ್ಲಗೆ ನಡೆದಾಡುವುದು, ಇಂಪಾದ ಹಾಡು, ಮನಸ್ಸಿಗೆ ಹಿಡಿಸುವ ಕೆಲಸ ಇವನ್ನೂ ನೋವಿನ ಮದ್ದುಗಳ ಸಾಲಿಗೆ ಸೇರಿಸಿದ್ದಾರೆಂದೂ ಹೇಳಿದೆವು. ಖಾಲಾಜಾನ್ ಸುಲಭಕ್ಕೆ ಒಪ್ಪುವವರಲ್ಲ. 'ಬೇಟಾ, ಹಜ್ರತ್ ಅಯ್ಯೂಬರು ಯಾವ ಮಾತ್ರೆ ನುಂಗಿದ್ದರು?' ಎಂದರು.

ನಮ್ಮ ಸಮಾಜದಲ್ಲಿ ನೋವಿನ ಮಾತು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ನೋವು ಗುನಾಹ್‌ಗಳನ್ನು ತೊಳೆಯುತ್ತದೆ ಎಂಬ ನಂಬಿಕೆ ನಮಗೆಲ್ಲ ಇದೆ, ಅದಕ್ಕೆ ಹದೀಸಿನ ಆಧಾರವೂ ಇದೆ. ಸಂಕಟದಲ್ಲಿರುವವರಿಗೆ ಅದು ದೊಡ್ಡ ಸಮಾಧಾನ. ಆದರೆ ಆ ಸಮಾಧಾನವನ್ನು ನರಳುವವರು ತಾವಾಗಿ ಹೇಳಿಕೊಳ್ಳುವುದು ಬೇರೆ, ಮಂಚದ ಪಕ್ಕ ಆರೋಗ್ಯವಾಗಿ ಕೂತವರು ಅವರಿಗೆ ಬೋಧಿಸುವುದು ಬೇರೆ. ಅಲ್ಲಾಹನು ಔಷಧಿಯಿಲ್ಲದ ಕಾಯಿಲೆಯನ್ನು ಇಳಿಸಿಲ್ಲ ಎಂಬರ್ಥದ ಹದೀಸೂ ನಮ್ಮ ಮುಂದಿದೆ. ಅನಿವಾರ್ಯತೆ ಬಂದಾಗ ನಿಷಿದ್ಧವಾದದ್ದಕ್ಕೂ ಅನುಮತಿಯಿದೆ ಎಂಬುದು ಫಿಕ್‌ಹ್‌ನ ಪ್ರಸಿದ್ಧ ಸೂತ್ರ. ನೋವಿಗೆ ವೈದ್ಯರು ಅಳೆದುಕೊಟ್ಟ ಔಷಧಿಯನ್ನು ಮಜಾಕ್ಕೆ ಮಾಡುವ ನಶೆಯ ಜೊತೆಗೆ ಉಲಮಾಗಳು ಸೇರಿಸುವುದಿಲ್ಲ. ಅಯ್ಯೂಬರ ಸಬ್ರ್ ಎಂದರೆ ಸುಮ್ಮನೆ ಹಲ್ಲುಕಚ್ಚಿ ಕೂತದ್ದಲ್ಲ. ತನಗೆ ತಾಪ ತಟ್ಟಿದೆಯೆಂದು ಅವರು ಪರವರದಿಗಾರನನ್ನು ಕೂಗಿದರು. ಅದಕ್ಕೆ ಉತ್ತರವಾಗಿ ಬಂದದ್ದು ಇನ್ನಷ್ಟು ತಾಳು ಎಂಬ ಉಪದೇಶವಲ್ಲ. ಕಾಲಿನಿಂದ ನೆಲ ಒದೆ ಎಂಬ ಅಪ್ಪಣೆ, ಮೀಯಲು ಮತ್ತು ಕುಡಿಯಲು ತಣ್ಣನೆಯ ನೀರು. ಶಮನ ಕೇಳಿದ್ದರಿಂದ ಅವರ ಸಬ್ರ್ ಕುಂದಲಿಲ್ಲ, ಕುರ್‌ಆನ್ ಅವರನ್ನು ಸಾಬಿರ್ ಎಂದೇ ಕರೆಯಿತು.

ಇದನ್ನು ಖಾಲಾಜಾನ್‌ರಿಗೆ ನಾವು ಹೇಳಬೇಕಾಗಿ ಬರಲಿಲ್ಲ. ಆ ಆಯತ್‌ಗಳನ್ನು ನಮಗೆ ಕಲಿಸಿದವರೇ ಅವರು. ಒಂದು ದಿನ ಇಶಾ ಮುಗಿಸಿ, ಮಲಗಿದಲ್ಲಿಂದಲೇ, ಅವರಾಗಿ ಹೇಳಿದರು. 'ನಶೆ ನಶೆ ಅಂತೀನಿ. ಈ ನೋವೇ ನಂಗೆ ನಶೆ ಏರಿಸಿದೆ ಬೇಟಾ. ಎಷ್ಟು ರಕಾತ್ ಆಯ್ತು ಅಂತ ಲೆಕ್ಕ ತಪ್ತಿದೆ. ಆ ಮಾತ್ರೆ ತಾ.'

ಮೊದಲ ಮೂರು ದಿನ ಮಂಪರು ಇತ್ತು, ಆಮೇಲೆ ಕಳೆಯಿತು. ಮಲಬದ್ಧತೆ ಬಂತು, ಅದಕ್ಕೂ ವೈದ್ಯರು ಮೊದಲೇ ಔಷಧಿ ಬರೆದಿದ್ದರು. ಎರಡನೇ ವಾರ ದಿಂಬಿಗೊರಗಿ ಕೂತು ನಮಾಜ್ ಮಾಡಿದರು, ಲೆಕ್ಕ ತಪ್ಪದೆ. ಸೂಜಿಯನ್ನೂ ಬಿಡಲಿಲ್ಲ. ವಾರಕ್ಕೊಮ್ಮೆ ಆ ವೈದ್ಯೆ ಬರುವ ದಿನ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು ಕಾಯುತ್ತಿದ್ದರು. ಐದು ತಿಂಗಳ ಮೇಲೆ, ಶಾಬಾನ್ ತಿಂಗಳಲ್ಲಿ, ತೀರಿಕೊಂಡರು. ಕೊನೆಯ ವಾರದವರೆಗೂ ಪಕ್ಕದ ಮನೆಯ ಹುಡುಗಿಯ ಸಬಕ್ ಕೇಳುತ್ತಿದ್ದರು, ಉಚ್ಚಾರ ತಪ್ಪಿದಲ್ಲಿ ತಿದ್ದುತ್ತಿದ್ದರು.

ನಮ್ಮ ಓದುಗರಿಗೆ ಉಪಯೋಗವಾಗುವ ಕೆಲವು ಮಾತುಗಳಿವೆ. ಕ್ಯಾನ್ಸರ್ ರೋಗಿಗೆ ಸೂಜಿ ಹಾಕಿಸುವುದಾದರೆ ಚಿಕಿತ್ಸೆ ನಡೆಸುತ್ತಿರುವ ಡಾಕ್ಟರಿಗೆ ತಿಳಿಸಿಯೇ ಹಾಕಿಸಬೇಕು. ಕೀಮೋ ನಡೆಯುವಾಗ ಪ್ಲೇಟ್‌ಲೆಟ್ ಬಿದ್ದಿದ್ದರೆ ರಕ್ತ ಸೋರುತ್ತದೆ, ಬಿಳಿರಕ್ತಕಣ ಇಳಿದಿದ್ದರೆ ಸಣ್ಣ ಗಾಯವೂ ಸೋಂಕಾಗುತ್ತದೆ. ಗಡ್ಡೆಯ ಮೇಲೆ, ಬಾತ ಕೈಕಾಲಿನ ಮೇಲೆ ಸೂಜಿ ಕೂಡದು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ. ನಮ್ಮವರಲ್ಲಿ ಹಲವರು ಸೂಜಿಯನ್ನೂ ಹಿಜಾಮಾವನ್ನೂ ಒಂದೇ ಎಂದುಕೊಂಡಿದ್ದಾರೆ. ಹಿಜಾಮಾದಲ್ಲಿ ಚರ್ಮ ಗೀರಿ ರಕ್ತ ತೆಗೆಯುತ್ತಾರೆ. ರಕ್ತವೇ ಕಡಿಮೆಯಾಗಿ ಬಳಲಿರುವ ಕ್ಯಾನ್ಸರ್ ರೋಗಿಗೆ ಅದು ಅಪಾಯ. ಸುನ್ನತ್‌ನ ಮೇಲಿನ ಪ್ರೀತಿಯಿಂದಲೇ ಇದನ್ನು ಹೇಳುತ್ತಿದ್ದೇವೆ. ಗಡ್ಡೆ ಕರಗಿಸುತ್ತೇನೆ, ಉಳಿದ ಮದ್ದು ನಿಲ್ಲಿಸಿ ಎನ್ನುವವರು ಚೀನೀ ಸೂಜಿ ಹಿಡಿದಿರಲಿ, ಯುನಾನಿ ಡಬ್ಬಿ ಹಿಡಿದಿರಲಿ, ಬಾಗಿಲಿಂದಲೇ ಸಲಾಮ್ ಹೇಳುವುದು ಒಳ್ಳೆಯದು.

ಮಾರ್ಫಿನ್ ವಿಷಯದಲ್ಲಿ ನಮ್ಮ ದೇಶದ ಹೆದರಿಕೆ ಖಾಲಾಜಾನ್‌ರ ಹೆದರಿಕೆಗಿಂತ ದೊಡ್ಡದು. ನೋವಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಏರಿಸಿ, ಬಾಯಿಂದ ಕೊಡಿ, ಗಡಿಯಾರ ನೋಡಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತ್ತು. ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಬಂದ ನಮ್ಮ ಮಾದಕವಸ್ತು ಕಾಯಿದೆ ಕಳ್ಳಸಾಗಣೆದಾರರನ್ನು ಹಿಡಿಯುವ ಭರದಲ್ಲಿ ರೋಗಿಗಳನ್ನೂ ಕಟ್ಟಿಹಾಕಿತು. ಪರವಾನಗಿಗಳ ಗೋಜಲಿಗೆ ಹೆದರಿ ಆಸ್ಪತ್ರೆಗಳೂ ಔಷಧಿ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಜಗತ್ತಿಗೆ ಮಾರುವ ದೇಶದಲ್ಲಿ ರೋಗಿಗೆ ಮಾರ್ಫಿನ್ ಇಲ್ಲವಾಯಿತು. 2014ರಲ್ಲಿ ಸಂಸತ್ತು ಕಾಯಿದೆ ತಿದ್ದಿ ಈ ಗೋಜಲನ್ನು ಸಡಿಲಿಸಿತು. ಅದರ ಹಿಂದೆ ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರ ವರ್ಷಗಳ ದುಡಿಮೆಯಿತ್ತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಅವರೂ ಗೆಳೆಯರೂ ಆರಂಭಿಸಿದ ನೋವುಶಮನದ ಕೆಲಸ ಮಲಪ್ಪುರಂನ ಹಳ್ಳಿಹಳ್ಳಿಗೆ ಹಬ್ಬಿ, ಅಲ್ಲಿನ ಸಾಮಾನ್ಯ ಜನರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವಂತಾಯಿತು. ನಮ್ಮ ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ ಕರುಣಾಶ್ರಯ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಆದರೂ ಜಿಲ್ಲಾ ಕೇಂದ್ರ ದಾಟಿ ಒಳಗೆ ಹೋದರೆ ನೋವಿನ ಮಾತ್ರೆಗಾಗಿ ರೋಗಿಯ ಮಗ ಬಸ್ಸು ಹತ್ತಿ ಅಲೆಯುವುದು ಇನ್ನೂ ನಿಂತಿಲ್ಲ.

ಜಕಾತ್ ಕೊಡುವಾಗ, ಮಸೀದಿಯ ಕಮಿಟಿ ಕೂತಾಗ, ನಾವು ಯಾವ ಯಾವುದಕ್ಕೋ ಹಣ ಎತ್ತಿಡುತ್ತೇವೆ. ಮೊಹಲ್ಲಾದಲ್ಲಿ ನೋವಿನಿಂದ ಮಲಗಿರುವವರು ಯಾರು, ಅವರಿಗೆ ಮಾತ್ರೆ ಸಿಗುತ್ತಿದೆಯೇ, ತಂದುಕೊಡುವವರು ಇದ್ದಾರೆಯೇ, ಅರ್ಧ ತಾಸು ಪಕ್ಕದಲ್ಲಿ ಕೂರುವವರು ಇದ್ದಾರೆಯೇ ಎಂಬ ಪಟ್ಟಿಯೊಂದು ಕಮಿಟಿಯ ರಿಜಿಸ್ಟರಿನಲ್ಲಿ ಇರಬೇಕು. ಮಲಪ್ಪುರಂನವರು ಮಾಡಿದ್ದನ್ನು ನಾವು ಮಾಡಲಾಗದೇ? ಉರ್ದುವಿನಲ್ಲಿ ಹಮ್‌ದರ್ದ್ ಎಂದರೆ ದರ್ದ್‌ನಲ್ಲಿ ಜೊತೆಯಾದವನು. ಕನ್ನಡದ ಸಹಾನುಭೂತಿಗೂ ಅದೇ ಅರ್ಥ. ಪದ ಎರಡೂ ಭಾಷೆಯಲ್ಲಿದೆ. ಈ ರಮಜಾನಿಗೆ ಮುಂಚೆ ಪಟ್ಟಿ ತಯಾರಾಗಲಿ.